ಹಸಿರು ಚುಕ್ಕೆಯ ಹುಡುಗಿ

ಜಹೀರಾಬಾದ್
21 ಜುಲೈ 2024

ಪೂಜ್ಯ ಸರಸ್ವತೀಬಾಯಿಯವರಿಗೆ ಪ್ರೇಮಲಾಳ ನಮಸ್ಕಾರ.

ಹೋದ ವಾರ ತಾಂಡೂರಿಗೆ ಫೋನ್ ಮಾಡಿದ್ದೆ. ನಿಮ್ಮ ಮಗ ಮುಕುಂದಣ್ಣ ಎತ್ತಿಕೊಂಡು, "ಅವ್ವಗ ಈಗ ಫೋನಿನ್ಯಾಗ ಏನೂ ಕೇಳ್ಸಂಗಿಲ್ಲವ್ವ. ಕಾಗದ ಬರಿ, ಕುಂತು ಓದತಾಳ" ಎಂದರು. ನೀವು ನಮ್ಮ ಶಿಶುವಿಹಾರ ಬಿಡುವಾಗ ಬಲಗಿವಿ ಮಾತ್ರ ಮಂದವಾಗಿತ್ತು. ಇಷ್ಟು ಬೇಗ ಎರಡೂ ಹೋಗುತ್ತವೆಂದು ನಾನು ತಿಳಿದಿರಲಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ಕೈಯಿಂದ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯಬೇಡಿ.

ಶಿಶುವಿಹಾರವನ್ನು ಈಗ ನೋಡಿದರೆ ನಿಮಗೆ ಗುರುತು ಹತ್ತಲಿಕ್ಕಿಲ್ಲ. ನಮ್ಮ ಅಧ್ಯಕ್ಷರು ಶಂಕ್ರೆಪ್ಪನವರು ಹೈದರಾಬಾದಿನಲ್ಲಿ ಮೊಮ್ಮಗನ ಶಾಲೆ ನೋಡಿ ಬಂದವರೇ ಪಟ್ಟು ಹಿಡಿದರು, ಜಹೀರಾಬಾದಿನ ಮಕ್ಕಳು ಯಾಕೆ ಹಿಂದೆ ಬೀಳಬೇಕು ಅಂತ. ಕಪ್ಪು ಹಲಗೆ ಇದ್ದ ಗೋಡೆಗೆ ದೊಡ್ಡ ಪರದೆ ಬಂದಿದೆ. ಮಗುವಿಗೊಂದು ಟ್ಯಾಬ್, ಕಿವಿಗೆ ಹಳದಿ ಬಣ್ಣದ ಹೆಡ್‌ಫೋನ್. ಕಂಪನಿಯಿಂದ ಕ್ರಾಂತಿಕುಮಾರ ಎಂಬ ತರುಣ ಬಂದು ನನಗೆ ಎಲ್ಲ ಕಲಿಸಿ ಹೋದ. ಮಗು ಚಿತ್ರ ಮುಟ್ಟುತ್ತದೆ, ಹೊಂದಿಸುತ್ತದೆ, ಎಣಿಸುತ್ತದೆ. ಸರಿ ಮಾಡಿದರೆ ಹೆಸರಿನ ಮುಂದೆ ಹಸಿರು ಚುಕ್ಕೆ, ತಡವರಿಸಿದರೆ ಹಳದಿ, ಹಿಂದೆ ಬಿದ್ದರೆ ಕೆಂಪು. ಸಂಜೆಗೆ ಎಲ್ಲರ ಚುಕ್ಕೆಗಳೂ ನನ್ನ ಫೋನಿಗೆ ಬರುತ್ತವೆ. ಇಷ್ಟು ವರ್ಷ ಯಾವ ಮಗುವಿಗೆ ಏನು ಬಂತು, ಏನು ಬರಲಿಲ್ಲ ಎಂದು ಅಂದಾಜಿನ ಮೇಲೆ ನಡೆಯುತ್ತಿದ್ದೆವು. ಈಗ ಅಂದಾಜು ಬೇಕಿಲ್ಲ.

ಒಂದೇ ಕೊರತೆ. ಇದರಲ್ಲಿ ತೆಲುಗು, ಇಂಗ್ಲಿಷ್ ಇವೆ, ಕನ್ನಡವಿಲ್ಲ. ಝರಾಸಂಗಂ ಕಡೆಯಿಂದ ಬರುವ ನಮ್ಮ ಕನ್ನಡ ಮಕ್ಕಳು ಮೊದಮೊದಲು ಪಿಳಿಪಿಳಿ ನೋಡುತ್ತಾರೆ. ಅವರಲ್ಲಿ ಶಿವಕಾಂತಾ ಎಂಬ ನಾಲ್ಕು ವರ್ಷದ ಹುಡುಗಿ ಇದ್ದಾಳೆ, ಅಜ್ಜಿಯ ಹೆಸರು. ಬಸ್ಸಿಳಿದಾಗ ತೆರೆದ ಬಾಯಿ ಮತ್ತೆ ಬಸ್ಸು ಹತ್ತುವವರೆಗೆ ಮುಚ್ಚುವುದಿಲ್ಲ. ಪರದೆಯ ಮೇಲೆ ಆನೆ ಬಂದು ತೆಲುಗಿನಲ್ಲಿ ಪಾಠ ಶುರು ಮಾಡಿದರೆ ಇವಳು ಎದ್ದು ನಿಂತು, "ಏ ಆನಿ, ನಿಂಗ ಕನ್ನಡ ಬರಂಗಿಲ್ಲೇನು?" ಎಂದು ವಿಚಾರಿಸುತ್ತಾಳೆ. ನೀವು ಇದ್ದಿದ್ದರೆ ನಗುತ್ತಿದ್ದಿರಿ.

ನಿಮ್ಮ ಆಶೀರ್ವಾದ ಇರಲಿ.

ನಿಮ್ಮ
ಪ್ರೇಮಲಾ


ತಾಂಡೂರು
6 ಆಗಸ್ಟ್ 2024

ಚಿ. ಪ್ರೇಮಲಾಗೆ,

ಕಾಗದ ಮುಟ್ಟಿತು. ಅಕ್ಷರ ಚೆನ್ನಾಗಿದೆ, ಒತ್ತಕ್ಷರಗಳು ಮಾತ್ರ ಮೊದಲಿನ ಹಾಗೇ ಸಾಲಿನ ಕೆಳಗೆ ಜಾರುತ್ತವೆ.

ನಾನಿಲ್ಲಿ ಚೆನ್ನಾಗಿದ್ದೇನೆ. ಮುಕುಂದ ಫ್ಯಾಕ್ಟರಿಗೆ, ಸೊಸೆ ವರದಾ ಬ್ಯಾಂಕಿಗೆ, ಮೊಮ್ಮಗ ಅಮೇಯ ಕಾಲೇಜಿಗೆ ಹೋಗುತ್ತಾರೆ. ಎದುರಿಗೇ ಕಲ್ಲು ಕೊಯ್ಯುವ ಯಂತ್ರ. ನೆರೆಯವರೆಲ್ಲ ಆ ಸದ್ದಿಗೆ ಬೈಯುತ್ತಾರೆ. ನನಗೆ ಅದರ ಧೂಳಷ್ಟೇ ಬರುತ್ತದೆ. ಅಮೇಯ ನನ್ನ ಫೋನಿಗೆ ಏನೋ ಹಾಕಿಕೊಟ್ಟಿದ್ದಾನೆ, ಎದುರಿನವರು ಆಡಿದ್ದು ಅಕ್ಷರವಾಗಿ ಮೂಡುತ್ತದೆ. ತೆಲುಗು ಚೆನ್ನಾಗಿ ಬರೆಯುತ್ತದೆ, ಹಿಂದಿ ಇನ್ನೂ ಚೆನ್ನ. ವರದಾ ನಮ್ಮ ಮಾತಿನಲ್ಲಿ "ಉಣ್ಣಾಕ ಬರ್ರಿ" ಎಂದರೆ ಅದು "ಉಣ್ಣೆ ಬರೆ" ಎಂದು ತೋರಿಸಿತು. ಅದನ್ನು ಓದಿ ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ.

ಆದರೆ ನಿನ್ನ ತರಗತಿಯ ಸುದ್ದಿ ಓದಿ ನನಗೆ ನಗು ಬರಲಿಲ್ಲ. ಮಾತು ಕಲಿಯುವ ವಯಸ್ಸಿನ ಮಕ್ಕಳ ಕಿವಿಗೆ ಮುಚ್ಚಳ ಹಾಕಿ ಕೂರಿಸಿದ್ದೀರಿ. ಅವು ಒಂದರ ಮಾತು ಒಂದು ಕೇಳುವುದು ಯಾವಾಗ? ಹಾಡು ಇದೆಯೋ ಇಲ್ಲವೋ? ನಾವು ಸುತ್ತು ಕೂತು ಹೇಳಿಸುತ್ತಿದ್ದ ಕಥೆ? ಶಂಕ್ರೆಪ್ಪನವರು ಒಳ್ಳೆಯವರು, ಆದರೆ ಹೈದರಾಬಾದಿನಲ್ಲಿ ಕಂಡದ್ದೆಲ್ಲ ಅವರಿಗೆ ಬಂಗಾರ. ನಿನಗೆ ಅಂದಾಜು ಬೇಕಿಲ್ಲವಂತೆ. ಹಾಗಾದರೆ ನೀನು ಅಲ್ಲಿ ಯಾಕೆ ಬೇಕು? ಒಬ್ಬ ಕಾವಲುಗಾರನನ್ನು ಇಟ್ಟರೆ ಸಾಕಲ್ಲ.

ಕೋಪ ಮಾಡಿಕೊಳ್ಳಬೇಡ. ವಯಸ್ಸಾದವಳು, ಬಾಯಿಗೆ ಬಂದದ್ದು ಬರೆಯುತ್ತೇನೆ. ಆನೆಗೆ ಕನ್ನಡ ಕಲಿಸುವ ಹುಡುಗಿಗೆ ನನ್ನ ಮುದ್ದು ಹೇಳು.

ಸರಸ್ವತೀಬಾಯಿ


ಜಹೀರಾಬಾದ್
20 ಅಕ್ಟೋಬರ್ 2024

ಪೂಜ್ಯ ಬಾಯಿಯವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕಾವಲುಗಾರನ ಮಾತು ನನಗೆ ಚುಚ್ಚಿತು. ನೀವು ಕಟ್ಟಿದ ತರಗತಿಯನ್ನು ನಾನು ಹಾಳು ಮಾಡುತ್ತಿದ್ದೇನೆ ಎಂದು ನೀವು ತಿಳಿದಿರುವಂತಿದೆ. ಅದಕ್ಕೆ ಒಂದು ಉದಾಹರಣೆ ಬರೆಯುತ್ತೇನೆ, ನೀವೇ ಓದಿ ಹೇಳಿ.

ನಿಮ್ಮ ಮುದ್ದಿನ ಶಿವಕಾಂತಾಳಿಗೆ ಆಗಸ್ಟಿನಲ್ಲಿ ಮೆದುಳು ಜ್ವರ ಬಂದಿತ್ತು. ಬದುಕುತ್ತಾಳೋ ಇಲ್ಲವೋ ಅನ್ನುವ ಹಾಗಾಗಿ ದೇವರ ದಯೆಯಿಂದ ಉಳಿದಳು. ಗಣೇಶನ ಹಬ್ಬ ಕಳೆದ ಮೇಲೆ ಶಾಲೆಗೆ ಬಂದಳು, ಮೈ ಸೊರಗಿತ್ತು, ಮೊದಮೊದಲು ನಡೆಯುವಾಗ ತೂರಾಡುತ್ತಿದ್ದಳು. ಇಂಥ ಮಗು ವರ್ಷವಿಡೀ ಹಿಂದೆ ಬಿದ್ದೀತು ಎಂದುಕೊಂಡಿದ್ದೆ. ಈಗ ತರಗತಿಯಲ್ಲಿ ಅವಳೇ ಮೊದಲು. ಎಲ್ಲ ಪಾಠಕ್ಕೂ ಹಸಿರು ಚುಕ್ಕೆ. ಮೊದಲಿನ ಗಲಾಟೆ ಇಲ್ಲ. ಕೂತಳೆಂದರೆ ಅಲುಗಾಡುವುದಿಲ್ಲ. ಬೇರೆ ಮಕ್ಕಳು ಹೆಡ್‌ಫೋನ್ ಕಿತ್ತೆಸೆದರೂ ಇವಳು ತೆಗೆಯಲೊಲ್ಲಳು. ದೊಡ್ಡ ಪರದೆ ಹಚ್ಚಿದರೆ ಓಡಿ ಹೋಗಿ ಅದರ ಪಕ್ಕದ ಸ್ಪೀಕರ್ ಪೆಟ್ಟಿಗೆಗೆ ಅಂಗೈ ಒತ್ತಿಕೊಂಡು ನಿಲ್ಲುತ್ತಾಳೆ, ಅಷ್ಟು ಪ್ರೀತಿ. ನಾನು ಮಾತಾಡುವಾಗ ನನ್ನ ಮುಖದಿಂದ ಕಣ್ಣು ತೆಗೆಯುವುದಿಲ್ಲ. ತಮಾಷೆ ಅಂದರೆ, ಎಲ್ಲರೂ ನಕ್ಕಾಗ ಒಮ್ಮೆ ಸುತ್ತ ನೋಡಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ.

ದಸರೆಯ ರಜೆಗೆ ಮುಂಚೆ ಅವಳ ತಾಯಿ ಈರಮ್ಮ ಬಂದಿದ್ದಳು. ಗಂಡ ಸೂರ್ಯಕಾಂತ ಹೊರಗೆ ಬೈಕಿನ ಮೇಲೆ ಕೂತಿದ್ದ. "ಟೀಚರ್, ಆಕಿ ಮನ್ಯಾಗ ಮಾತು ಕಮ್ಮಿ ಮಾಡ್ಯಾಳ್ರಿ. ಆಡಿದ್ರೂ ನಾಲಿಗಿ ಹೊಳ್ಳವಲ್ದು. ಕರದ್ರ ಬರಂಗಿಲ್ಲ. ಬೀದರಿಗೆ ದೊಡ್ಡ ಡಾಕ್ಟರ್ ಕಡೆ ಒಯ್ಯಬೇಕಂತ ಮಾಡೀವ್ರಿ" ಎಂದಳು. ಮನೆಯಲ್ಲಿ ಕನ್ನಡ, ಇಲ್ಲಿ ತೆಲುಗು, ಮೇಲೆ ಇಂಗ್ಲಿಷ್. ಮೂರು ಭಾಷೆಯ ನಡುವೆ ಮಕ್ಕಳು ಕೆಲವು ತಿಂಗಳು ಸುಮ್ಮನಾಗುವುದುಂಟು, ಜ್ವರದ ನಿಶ್ಶಕ್ತಿ ಬೇರೆ, ಎಂದು ನಾನು ತಿಳಿಸಿ ಹೇಳಿದೆ. ಫೋನ್ ತೆಗೆದು ಅವಳ ಮಗಳ ಚುಕ್ಕೆಗಳನ್ನು ತೋರಿಸಿದೆ. ಈರಮ್ಮನಿಗೆ ಓದಲು ಬರುವುದಿಲ್ಲ. ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟು, "ಎಲ್ಲಾ ಹಸರ ಅದಲ್ರಿ" ಎಂದು ನಕ್ಕಳು. ಮುಖದ ಭಾರ ಇಳಿದದ್ದು ಕಂಡಿತು. ಬೀದರಿನ ಮಾತು ಬಿಟ್ಟು ಬಳೆ ಅಂಗಡಿಗೆ ಹೋದರು.

ಬರುವ ವರ್ಷದ ಪ್ರವೇಶಕ್ಕೆ ಶಂಕ್ರೆಪ್ಪನವರು ದೊಡ್ಡ ಬ್ಯಾನರ್ ಮಾಡಿಸಿದ್ದಾರೆ. ಹಳದಿ ಹೆಡ್‌ಫೋನ್ ಹಾಕಿಕೊಂಡು ನಗುತ್ತಿರುವ ಶಿವಕಾಂತಾಳ ಫೋಟೋ. ಬಸ್‌ಸ್ಟ್ಯಾಂಡಿನ ಎದುರಿಗೆ ಕಟ್ಟಿದ್ದಾರೆ. ಈಗ ಹೇಳಿ, ಮಾಡಿದ್ದು ತಪ್ಪೇ?

ನಿಮ್ಮ
ಪ್ರೇಮಲಾ


ತಾಂಡೂರು
26 ಅಕ್ಟೋಬರ್ 2024

ಚಿ. ಪ್ರೇಮಲಾ,

ಕಾಗದ ಕೈಗೆ ಬಂದ ಕೂಡಲೇ ಬರೆಯುತ್ತಿದ್ದೇನೆ. ಈ ಸಲ ಯಂತ್ರದ ಜಗಳವಿಲ್ಲ. ಆ ಹುಡುಗಿಗೆ ಕಿವಿ ಕೇಳಿಸುತ್ತಿಲ್ಲ ಎಂದು ನನಗೆ ಅನುಮಾನ.

ನೀನು ಬರೆದದ್ದನ್ನೆಲ್ಲ ನಾನು ದಿನಾ ಮಾಡುತ್ತೇನೆ. ಊಟಕ್ಕೆ ಕೂತಾಗ ಮನೆಯವರು ನಕ್ಕರೆ ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ನಗುತ್ತೇನೆ, ತಡವಾದದ್ದು ತಿಳಿಯದಿರಲೆಂದು ಸ್ವಲ್ಪ ಜೋರಾಗಿಯೇ ನಗುತ್ತೇನೆ. ಮಿಕ್ಸರ್ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯಲು ಅದರ ಮೇಲೆ ಕೈ ಇಡುತ್ತೇನೆ. ವರದಾಳ ಮುಖವನ್ನೇ ನೋಡುತ್ತಿರುತ್ತೇನೆ. ಅದು ಪ್ರೀತಿಯೆಂದು ಅವಳು ತಿಳಿದಿದ್ದಾಳೆ. ನಾನು ನೋಡುವುದು ತುಟಿಯನ್ನು. ಆ ಮಗು ಅಲುಗಾಡದೆ ಕೂರುತ್ತದೆ ಎಂದೆಯಲ್ಲ. ಬೆನ್ನ ಹಿಂದೆ ಯಾರು ಏನು ಮಾಡಿದರೂ ಗೊತ್ತಾಗದವರು ಹಾಗೇ ಕೂರುತ್ತಾರೆ. ಜ್ವರದ ಮೇಲೆ ತೂರಾಡಿದಳೆಂದೂ ಬರೆದಿದ್ದೀಯ. ಅದೂ ಕಿವಿಯ ಕಡೆಯಿಂದಲೇ ಆಗುವುದುಂಟು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಲಾರಿ ಎಂಬ ಮಗುವಿಗೆ ಇದೇ ಜ್ವರ ಬಂದು ಕಿವಿ ಹೋಗಿತ್ತು. ನನಗೆ ವಿದ್ಯೆ ಇದ್ದದ್ದರಿಂದ ತಿಳಿದದ್ದಲ್ಲ. ಎಲ್ಲರೂ ಹಾಡುವಾಗ ಅವನು ಬೇರೆಲ್ಲೋ ಇದ್ದ, ಅಷ್ಟೆ. ನಿನ್ನ ತರಗತಿಯಲ್ಲಿ ಯಾರೂ ಹಾಡುವುದಿಲ್ಲ, ಯಾರನ್ನೂ ಹೆಸರು ಹಿಡಿದು ಕರೆಯಬೇಕಿಲ್ಲ.

ಈ ಕಾಗದ ಮುಟ್ಟಿದ ದಿನವೇ ಅವಳ ಕಿವಿಯ ಮುಚ್ಚಳ ತೆಗೆಸು. ಬೆನ್ನ ಹಿಂದೆ ನಿಂತು ಹೆಸರು ಕರೆ. ನೆರಳು ಮುಂದೆ ಬೀಳದಂತೆ ನೋಡಿಕೋ. ತಿರುಗಿದರೆ ಮುದುಕಿಗೆ ಹುಚ್ಚು ಎಂದು ಬರೆದು ಕಳಿಸು, ಸಂತೋಷಪಡುತ್ತೇನೆ. ತಿರುಗದಿದ್ದರೆ ಆ ತಾಯಿಗೆ ಅಂದೇ ಹೇಳು. ಬೀದರಿಗೆ ಹೋಗಬೇಡವೆಂದು ನೀನೇ ಹೇಳಿದ ಹಾಗಾಗಿದೆ.

ಸರಸ್ವತೀಬಾಯಿ


ಜಹೀರಾಬಾದ್
19 ನವೆಂಬರ್ 2024

ಪೂಜ್ಯ ಬಾಯಿಯವರಿಗೆ,

ನಿಮ್ಮ ಕಾಗದ ಬಂತು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಕಿವಿಯ ತೊಂದರೆ ಇದ್ದವರಿಗೆ ಎಲ್ಲರಲ್ಲೂ ಅದೇ ಕಾಣುವುದು ಸಹಜ. ಆದರೆ ಮೊದಲ ಕಾಗದದಿಂದಲೂ ನೀವು ಈ ತರಗತಿಯಲ್ಲಿ ಏನಾದರೊಂದು ಕೆಟ್ಟದ್ದು ಹುಡುಕುತ್ತಿದ್ದೀರಿ.

ಟ್ಯಾಬಿನಲ್ಲಿ ಕೇಳಿ ಗುರುತಿಸುವ ಪಾಠವೇ ಬೇರೆ ಇದೆ. ಅದು ಹೆಸರು ಹೇಳುತ್ತದೆ, ಮಗು ಆ ಚಿತ್ರ ಮುಟ್ಟಬೇಕು. ಅದರಲ್ಲೂ ಶಿವಕಾಂತಾಳಿಗೆ ಹಸಿರು. ಕೇಳದ ಮಗು ಅದನ್ನು ಹೇಗೆ ಮಾಡೀತು? ಕ್ರಾಂತಿಕುಮಾರನನ್ನೂ ಕೇಳಿದೆ, ಅವಳು ಸರಾಸರಿಗಿಂತ ಮೇಲಿದ್ದಾಳೆ ಎಂದ.

ಈ ತಿಂಗಳು ನಮ್ಮ ತರಗತಿಯನ್ನು ನೋಡಲು ನಾರಾಯಣಖೇಡದಿಂದಲೂ ಟೀಚರುಗಳು ಬರುತ್ತಿದ್ದಾರೆ. ಬಿಡುವಿಲ್ಲ. ಚೇತರಿಸಿಕೊಂಡ ಮಗುವಿನ ತಾಯಿಗೆ ಮತ್ತೆ ಭಯ ಹುಟ್ಟಿಸುವುದು ನನ್ನಿಂದಾಗದು.

ಪ್ರೇಮಲಾ


ತಾಂಡೂರು
8 ಡಿಸೆಂಬರ್ 2024

ಪ್ರೇಮಲಾ,

ಮುಕುಂದನಿಂದ ಫೋನ್ ಮಾಡಿಸಿದೆ. ನೀನು ಎತ್ತಲಿಲ್ಲವಂತೆ. ಜಹೀರಾಬಾದಿಗೆ ಹೋಗಿ ಬಾ ಎಂದರೆ ಅವನು, "ಮಂದಿ ಸಾಲ್ಯಾಗ ನಾವ್ಯಾಕ ಕೈ ಹಾಕಬೇಕವ್ವ" ಎನ್ನುತ್ತಾನೆ.

ನಾನು ಕಾವಲುಗಾರನ ಮಾತು ಬರೆಯಬಾರದಿತ್ತು. ಅದನ್ನು ಬರೆಯದಿದ್ದರೆ ನೀನು ಇದನ್ನು ನಂಬುತ್ತಿದ್ದೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಒಂದೇ ಒಂದು ಸಲ ಹಿಂದಿನಿಂದ ಕರೆ.

ಸ.


ಜಹೀರಾಬಾದ್
30 ಜನವರಿ 2025

ಪೂಜ್ಯ ಬಾಯಿಯವರಿಗೆ,

ನೀವು ಹೇಳಿದ್ದು ಖರೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯಲಾರೆ. ಶಿವಕಾಂತಾಳಿಗೆ ಎರಡೂ ಕಿವಿ ಕೇಳಿಸುವುದಿಲ್ಲ.

ಸಂಕ್ರಾಂತಿ ರಜೆ ಮುಗಿದು ಶಾಲೆ ತೆರೆದ ವಾರ ಕರೆಂಟ್ ಹೋಯಿತು. ಎಲ್ಲೋ ತಂತಿ ಹರಿದಿತ್ತು, ಮಧ್ಯಾಹ್ನವಾದರೂ ಬರಲಿಲ್ಲ. ಟ್ಯಾಬುಗಳು ಒಂದೊಂದಾಗಿ ಆರಿದವು. ಮಕ್ಕಳು ಗದ್ದಲ ಎಬ್ಬಿಸಿದಾಗ ಬೇರೆ ದಾರಿ ಕಾಣದೆ ಎಲ್ಲರನ್ನೂ ಸುತ್ತು ಕೂರಿಸಿ ಕಾಗೆಯ ಕಥೆ ಹೇಳಿದೆ. ಕಾಗೆಯ ದನಿ ತೆಗೆದಾಗ ಎಲ್ಲರೂ ನಕ್ಕರು. ಶಿವಕಾಂತಾ ಸುತ್ತ ನೋಡಿ ಆಮೇಲೆ ನಕ್ಕಳು. ಆಗ ನಿಮ್ಮ ಕಾಗದ ಕಣ್ಣ ಮುಂದೆ ಬಂತು.

ನೀರು ತರುವವಳಂತೆ ಎದ್ದು ಅವಳ ಹಿಂದೆ ಹೋಗಿ ನಿಂತೆ. ಹೆಸರು ಕರೆದೆ. ಮಕ್ಕಳೆಲ್ಲ ಅವಳ ಕಡೆ ತಿರುಗಿದರು, ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಕಡೆಗೆ ಊಟದ ಸ್ಟೀಲ್ ತಟ್ಟೆಗಳನ್ನು ಫರಸಿಯ ನೆಲದ ಮೇಲೆ ಬಿಟ್ಟೆ. ಒಂದು ಮಗು ಹೆದರಿ ಅತ್ತುಬಿಟ್ಟಿತು. ಶಿವಕಾಂತಾ ಕಪ್ಪಾಗಿದ್ದ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಹೊತ್ತಿಕೊಳ್ಳಲೆಂದು ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದಳು.

ಅಂದು ಸಂಜೆಯೇ ಅವರ ಊರಿಗೆ ಹೋದೆ. ಅಂಗಳದಲ್ಲಿ ತೊಗರಿ ರಾಶಿ ಮಾಡುತ್ತಿದ್ದರು. ಈರಮ್ಮ ಚಾಪೆ ಹಾಸಿ ಕೂರಿಸಿ ನೀರು ಕೊಟ್ಟಳು. ನಾನು ಹೇಳುವಷ್ಟನ್ನೂ ಕೇಳಿದಳು. ಆಮೇಲೆ, "ನೀವ ಅಂದಿದ್ರಲ್ರಿ, ಎಲ್ಲಾ ಹಸರ ಅದ ಅಂತ" ಎಂದಳು. ಬಾಯಿ, ಅದರಲ್ಲಿ ಸಿಟ್ಟಿರಲಿಲ್ಲ. ಈಗಲೂ ಫೋನ್ ತೆಗೆದು ತೋರಿಸುತ್ತೇನೇನೋ ಎಂದು ನನ್ನ ಕೈಯನ್ನೇ ನೋಡುತ್ತಿದ್ದಳು.

ಮರುದಿನ ಅವರ ಜೊತೆ ಬೀದರಿಗೆ ಹೋದೆ, ಅಲ್ಲಿಂದ ಹೈದರಾಬಾದಿಗೆ ಕಳಿಸಿದರು. ಡಾಕ್ಟರ್ ತೆಲುಗಿನಲ್ಲಿ ಹೇಳಿದ್ದನ್ನು ಸೂರ್ಯಕಾಂತ ತಲೆ ತಗ್ಗಿಸಿ ಕೇಳಿದ. ಈ ಜ್ವರದಲ್ಲಿ ಕಿವಿ ಹೋದರೆ ಒಳಗಿನ ಸುರುಳಿ ಸಾವಕಾಶವಾಗಿ ಮೂಳೆಯಾಗುತ್ತ ಬರುತ್ತದಂತೆ. ಅದು ಮುಚ್ಚುವ ಮೊದಲು ಬಂದರೆ ಒಳಗೆ ಯಂತ್ರ ಕೂರಿಸಿ ಕೇಳುವಂತೆ ಮಾಡಬಹುದಂತೆ. ಬಲಗಿವಿ ಪೂರ್ತಿ ಮುಚ್ಚಿದೆ. ಎಡಕ್ಕೆ ಆಪರೇಷನ್ ಮಾಡಿ ನೋಡೋಣ, ಭರವಸೆ ಕೊಡಲಾರೆ ಎಂದರು. ದಸರೆಯ ಹೊತ್ತಿಗೆ ಯಾಕೆ ಕರೆತರಲಿಲ್ಲ ಎಂದು ಡಾಕ್ಟರ್ ಕೇಳಿದರು. ಸೂರ್ಯಕಾಂತ ನನ್ನ ಕಡೆ ನೋಡಲೂ ಇಲ್ಲ.

ಕೇಳಿ ಗುರುತಿಸುವ ಪಾಠದಲ್ಲಿ ಅವಳು ಹೇಗೆ ಪಾಸಾದಳೆಂದು ಈಗ ಗೊತ್ತಾಯಿತು. ನಾನೇ ಹೆಡ್‌ಫೋನ್ ಇಲ್ಲದೆ ಆಡಿ ನೋಡಿದೆ. ಮಗು ಸ್ವಲ್ಪ ಹೊತ್ತು ಮುಟ್ಟದಿದ್ದರೆ ಸರಿಯಾದ ಚಿತ್ರ ತಾನೇ ಮಿಣಮಿಣ ಹೊಳೆಯುತ್ತದೆ. ಹೊಳೆದದ್ದನ್ನು ಮುಟ್ಟಿದರೂ ಹಸಿರೇ. ಅವಳು ಪ್ರತಿ ಸಲವೂ ಹೊಳೆಯುವವರೆಗೆ ಕಾಯುತ್ತಿದ್ದಳು. ಅದಕ್ಕೇ ಅಷ್ಟು ತಾಳ್ಮೆ.

ಏನು ಬರೆದು ಮುಗಿಸಬೇಕೋ ತಿಳಿಯುವುದಿಲ್ಲ.

ಪ್ರೇಮಲಾ


ನಾರಾಯಣಖೇಡ
24 ಮಾರ್ಚ್ 2025

ಪೂಜ್ಯ ಬಾಯಿಯವರಿಗೆ,

ಮೇಲಿನ ಊರ ಹೆಸರು ನೋಡಿದಿರಲ್ಲ, ತವರಿಗೆ ಬಂದಿದ್ದೇನೆ. ಕೆಲಸ ಬಿಟ್ಟೆ. ನಿಮ್ಮ ಫೆಬ್ರುವರಿಯ ಕಾಗದಗಳಿಗೆ ಉತ್ತರ ಬರೆಯದಿದ್ದದ್ದಕ್ಕೆ ಕಾರಣವಿಷ್ಟೆ, ಆಪರೇಷನ್ ಆಗಲಿ, ಒಳ್ಳೆಯ ಸುದ್ದಿ ಬರೆಯೋಣ ಎಂದು ಕಾದೆ.

ಆಪರೇಷನ್ ಆಯಿತು. ಎಡಗಿವಿಯ ಹಿಂದೆ ತೆರೆದು ನೋಡಿದರು, ಯಂತ್ರದ ತಂತಿ ಒಳಗೆ ಹೋಗಲಿಲ್ಲ, ಮುಚ್ಚಿಬಿಟ್ಟರು. ಮಗು ತಲೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ಬಂದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿತ್ತು. ಯಾರ ಮುಖದಿಂದ ಏನು ತಿಳಿಯಿತೋ, ಅಳತೊಡಗಿತು. ಆ ಅಳು ಬೇರೆ ಮಕ್ಕಳ ಹಾಗಿರಲಿಲ್ಲ, ಎಷ್ಟು ಜೋರಾಗಿದೆಯೆಂದು ಅದಕ್ಕೇ ಗೊತ್ತಿರಲಿಲ್ಲ.

ಕ್ರಾಂತಿಕುಮಾರನಿಗೆ ಎಲ್ಲ ಹೇಳಿದೆ. ಅವನು ಒರಟನಲ್ಲ, ನಿಜವಾಗಿ ನೊಂದುಕೊಂಡ. ಆದರೆ ಅದು ಮಗು ಕಲಿಯುತ್ತಿದೆಯೋ ಇಲ್ಲವೋ ನೋಡಲು ಮಾಡಿದ್ದು, ಕೇಳುತ್ತಿದೆಯೋ ಇಲ್ಲವೋ ಎಂದಲ್ಲ, ಆ ಮಗು ಕಲಿಯುತ್ತಿತ್ತಲ್ಲ ಎಂದ. ಅವಳು ಕಲಿಯುತ್ತಿದ್ದದ್ದು ನಿಜವೇ.

ಶಂಕ್ರೆಪ್ಪನವರು ಆಸ್ಪತ್ರೆಗೆ ಬಂದು ಕಣ್ಣೀರು ಹಾಕಿದರು. ಬ್ಯಾನರ್ ಇಳಿಸಿ ಎಂದು ಅವರಿಗೆ ಅಲ್ಲೇ ಹೇಳಿದ್ದೆ. ಪ್ರವೇಶ ಮುಗಿಯುವವರೆಗೆ ಇರಲಿ, ಒಮ್ಮೆಲೇ ತೆಗೆದರೆ ಜನ ಕೇಳುತ್ತಾರೆ ಎಂದರು. ಬಾಕಿ ಮಕ್ಕಳ ತಾಯಿತಂದೆಯರನ್ನು ಕರೆಸಿ ಆದದ್ದನ್ನು ಹೇಳೋಣ, ಎಲ್ಲರ ಕಿವಿ ಕಣ್ಣು ಪರೀಕ್ಷೆ ಮಾಡಿಸೋಣ ಎಂದದ್ದಕ್ಕೆ, "ಪ್ರೇಮಲಾ, ಜ್ವರ ನಾವು ತಂದಿಲ್ಲ. ಸಾಲಿ ಹೆಸರು ಕೆಟ್ರ ಉಳಿದ ಮಕ್ಕಳಿಗೇ ಲುಕ್ಸಾನ. ಜರಾ ವಿಚಾರ ಮಾಡು" ಎಂದರು.

ಆಸ್ಪತ್ರೆಯಿಂದ ಊರಿಗೆ ಮರಳುವ ದಿನ ನಾವು ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಶಿವಕಾಂತಾ ಬ್ಯಾನರಿನಲ್ಲಿ ತನ್ನನ್ನು ತಾನೇ ಕಂಡು ಕುಣಿದಳು. ಬೆರಳು ತೋರಿಸಿ, ಎರಡೂ ಕಿವಿಗಳ ಮೇಲೆ ಕೈ ಇಟ್ಟುಕೊಂಡು ಹೆಡ್‌ಫೋನ್ ಹಾಕಿದಂತೆ ಮಾಡಿ ತಾಯಿಗೆ ತೋರಿಸಿದಳು. ಈರಮ್ಮ ಸೆರಗು ಬಾಯಿಗೊತ್ತಿಕೊಂಡು ಇನ್ನೊಂದು ಕಡೆ ತಿರುಗಿದಳು. ನಾನು ಅಲ್ಲೇ ಒಬ್ಬ ಹಣ್ಣಿನವನ ಚಾಕು ಕೇಳಿ ತೆಗೆದುಕೊಂಡು ಹಗ್ಗ ಕೊಯ್ದೆ. ಬ್ಯಾನರ್ ಅರ್ಧ ಜೋತುಬಿತ್ತು, ಜನ ಸೇರಿದರು. ಶಿವಕಾಂತಾ ನನ್ನ ಮೇಲೆ ಸಿಟ್ಟಾಗಿ ನನ್ನ ಕೈಗೆ ಹೊಡೆದಳು, ಅದು ಅವಳ ಫೋಟೋ. ಅಂದೇ ಶಂಕ್ರೆಪ್ಪನವರು ಇನ್ನು ಬರಬೇಡ ಎಂದು ಹೇಳಿ ಕಳಿಸಿದರು. ಬರುವ ಮನಸ್ಸು ನನಗೂ ಇರಲಿಲ್ಲ. ನನ್ನ ಜಾಗಕ್ಕೆ ಹೊಸಬಳು ಬಂದಿದ್ದಾಳಂತೆ, ಧಮ್ಮಶೀಲಾ ಎಂದು ಹೆಸರು. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮಕ್ಕಳನ್ನು ದಿನಾ ಒಮ್ಮೆ ಹಿಂದಿನಿಂದ ಕರಿ ಎಂದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ. ನಾನೂ ನಂಬಿರಲಿಲ್ಲ.

ಹೈದರಾಬಾದಿನಲ್ಲಿ ಕಿವುಡ ಮಕ್ಕಳ ವಸತಿ ಶಾಲೆ ಇದೆ. ಜೂನಿನಿಂದ ಅಲ್ಲಿ ಬಿಡುತ್ತಾರೆ. ಕೈಸನ್ನೆಯ ಭಾಷೆ ಕಲಿಸುತ್ತಾರಂತೆ. ನೀವು ಆ ತಾಯಿಮಗಳನ್ನು ನೋಡಬೇಕು ಎಂದು ಬರೆದಿದ್ದಿರಿ, ಈರಮ್ಮನಿಗೆ ಹೇಳಿದ್ದೇನೆ. ಬಂದರೂ ಬರಬಹುದು. ನಾನು ಜೊತೆಗೆ ಬರುವುದಿಲ್ಲ. ಅವಳು ನನ್ನ ಎದುರಿಗೆ ಅಳುವುದಿಲ್ಲ, ನಾನು ದೂರ ಇದ್ದರೇ ಅವಳಿಗೆ ಅನುಕೂಲ.

ಪ್ರೇಮಲಾ


ತಾಂಡೂರು
4 ಮೇ 2025

ಚಿ. ಪ್ರೇಮಲಾ,

ನಿನ್ನೆ ಅವರು ಬಂದಿದ್ದರು. ಸೂರ್ಯಕಾಂತ ಅವರನ್ನು ಇಲ್ಲಿ ಬಿಟ್ಟು, ಊರಿನವರೊಬ್ಬರನ್ನು ನೋಡಿ ಬರುತ್ತೇನೆಂದು ಹೋದ. ತಾಯಿಮಗಳು ಮಧ್ಯಾಹ್ನದವರೆಗೆ ಇದ್ದರು. ನಿನಗೆ ತಿಳಿಯಬೇಕು, ಅದಕ್ಕೇ ಬರೆಯುತ್ತೇನೆ.

ಹುಡುಗಿ ಚುರುಕಾಗಿದ್ದಾಳೆ. ಕೂದಲು ಬೆಳೆದು ಕಲೆ ಮುಚ್ಚಿದೆ. ನನ್ನನ್ನು ಕಂಡವಳೇ ಎದುರಿಗೆ ಬಂದು ಕೂತಳು. ವರದಾ, ಅಮೇಯ ಮಾತಾಡಿದಾಗ ಅವರ ತುಟಿ ನೋಡಿದಳು, ಆಮೇಲೆ ನಾನೂ ಅದನ್ನೇ ನೋಡುತ್ತಿರುವುದನ್ನು ಕಂಡಳು. ಅದಾದ ಮೇಲೆ ನನ್ನ ಪಕ್ಕ ಬಿಡಲಿಲ್ಲ. ಮಾತು ಇನ್ನೂ ಕೆಲವು ಉಳಿದಿವೆಯಂತೆ. ನೀರು, ಅವ್ವ, ಒಲ್ಲೆ. ಅವೂ ಅಂಚು ಸವೆದಿವೆ ಎಂದು ವರದಾ ಕಾಗದದಲ್ಲಿ ಬರೆದು ತೋರಿಸಿದಳು. ಅಮೇಯ ಪ್ರೀತಿಯಿಂದ ತನ್ನ ಟ್ಯಾಬ್ ತಂದು ಅವಳ ಕೈಗಿಟ್ಟ. ಈರಮ್ಮ ಎದ್ದು ಬಂದು ಅದನ್ನು ಮೆತ್ತಗೆ ತೆಗೆದು ಮೇಜಿನ ಮೇಲಿಟ್ಟಳು.

ನಿನ್ನ ಬಗ್ಗೆ ಈರಮ್ಮನನ್ನು ನಾನೇ ಕೇಳಿದೆ. "ಟೀಚರ್ ಛಲೋ ಅದಾರ್ರಿ" ಎಂದಳು. ಅಷ್ಟೇ ಅಂದಳು. ಕ್ಷಮಿಸಿದ್ದಾಳೆ ಎಂದು ನಾನು ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ. ನೀನು ಅದನ್ನು ಕಾಯುತ್ತ ಕೂರಬೇಡ. ನಾರಾಯಣಖೇಡದಲ್ಲೂ ಮಕ್ಕಳಿದ್ದಾರೆ, ಎಲ್ಲಿಯಾದರೂ ಕೆಲಸಕ್ಕೆ ಸೇರು. ಯಂತ್ರ ಇದ್ದ ಕಡೆಯೇ ಸೇರಿದರೂ ನನ್ನ ತಕರಾರಿಲ್ಲ.

ವರದಾ ಚಹಾ ಮಾಡಲು ಒಳಗೆ ಹೋದಾಗ ಈರಮ್ಮ ಹತ್ತಿರ ಸರಿದು ಮುಖಕ್ಕೆ ಮುಖ ಕೊಟ್ಟು ಕೂತಳು. ನಿಧಾನವಾಗಿ ಕೇಳಿದಳು, ಒಂದೊಂದು ಪದವೂ ತುಟಿಯ ಮೇಲೆ ತಿಳಿಯಿತು.

"ನಿಮಗ ನಿಮ್ಮವ್ವನ ದನಿ ಇನ್ನಾ ನೆನಪದೇನ್ರಿ?"

ಇದೆ ಎಂದೆ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು, ಕಣ್ಣು ಮುಚ್ಚಿದರೆ ನನ್ನನ್ನು ಬೈಯುವುದು ಈಗಲೂ ಕೇಳಿಸುತ್ತದೆ.

"ಹಂಗಾರ ಈಕಿಗೂ ನಂದು ನೆನಪಿರ್ತದಲ್ರಿ?"

ಪ್ರೇಮಲಾ, ಹೂಂ ಎನ್ನುವುದು ಕಷ್ಟವಿರಲಿಲ್ಲ. ಬಾಯಿಯ ತುದಿಗೆ ಬಂದಿತ್ತು. ನನ್ನ ಕಿವಿ ಹೋದದ್ದು ಒಂದು ಜೀವಮಾನ ಕೇಳಿದ ಮೇಲೆ. ಈ ಮಗು ಕೇಳಿದ್ದು ಎಷ್ಟು? ಆ ತಾಯಿಗೆ ಎಲ್ಲ ಸರಿಯಿದೆ ಎಂದು ಒಮ್ಮೆ ಹೇಳಿ ಆಗಿದೆ. ಎರಡನೆಯವಳು ನಾನಾಗಲಾರದೆ ಹೋದೆ.

"ಇಲ್ಲವ್ವ" ಎಂದೆ. "ಭಾಳ ಸಣ್ಣಾಕಿ ಅದಾಳ. ನೆನಪಿರಂಗಿಲ್ಲ."

ಅವಳು ಅಳಲಿಲ್ಲ. ತಲೆಯಾಡಿಸಿದಳು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಗದ್ದ ಹಿಡಿದು ಮುಖ ತನ್ನ ಕಡೆ ಮಾಡಿಕೊಂಡು ಮಾತಾಡತೊಡಗಿದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತ ಕೂತಿತ್ತು. ವರದಾ ಚಹಾದ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಈರಮ್ಮ ಬಹಳ ಹೊತ್ತು ಮಾತಾಡಿದಳು. ಏನು ಹೇಳಿದಳೆಂದು ಆಮೇಲೆ ವರದಾಳನ್ನು ನಾನು ಕೇಳಲಿಲ್ಲ. ಅವಳೂ ಬರೆದು ತೋರಿಸಲಿಲ್ಲ.

ನಿನ್ನ
ಸರಸ್ವತೀಬಾಯಿ